ಮಸೀರಾದಿಂದ ಹೊರಟ ಸೂಟ್‌ಕೇಸ್

ಇಲಿಯೊಂದು ಲುಂಗಿಯನ್ನು ಮೀನು ಬಲೆಯಂತೆ ಮಾಡಿಟ್ಟದ್ದರಿಂದ ಬೋಜ ಶುಕ್ರವಾರ ಬೆಳಿಗ್ಗೆ ದೊಡ್ಡದೊಂದು ಸೂಟ್‌ಕೇಸ್ ಕೊಂಡ. ಉಳಿದ ಬಟ್ಟೆಯನ್ನಾದರೂ ಬೀಗ ಹಾಕಿಡೋಣವೆಂದು. ಅವನು ಮಾಡಿದ ತಪ್ಪು ಅಷ್ಟೇ.

ಅರಬರ ನಾಡಿನ ಮಸೀರಾ ದ್ವೀಪದ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬೋಜನಿಗೆ ವಾರವಿಡೀ ಯಂತ್ರದ ಸದ್ದಾದರೂ ಜೊತೆಗಿರುತ್ತಿತ್ತು. ರಜೆಯ ಶುಕ್ರವಾರ, ಶನಿವಾರ ಅದೂ ಇಲ್ಲ. ಸಮುದ್ರ ನೋಡುವುದು, ಒಬ್ಬನೇ ಗಂಜಿ ಉಣ್ಣುವುದು, ಮತ್ತೆ ಸಮುದ್ರ ನೋಡುವುದು. ಎರಡು ವರ್ಷದಲ್ಲಿ ಅವನ ಬಾಗಿಲು ತಟ್ಟಿದವನೆಂದರೆ ಗ್ಯಾಸ್ ಸಿಲಿಂಡರಿನವನೊಬ್ಬನೇ. ಅವನೂ ಮನೆ ತಪ್ಪಿ ಬಂದಿದ್ದ. ನಿನ್ನೆ ಅಂಗಡಿಯ ಇದಿನಬ್ಬ ಊರಿಗೆ ಹೊರಟಾಗ ಅವನ ಕೋಣೆಯ ಮುಂದೆ ಮದುವೆಮನೆಯಂತೆ ಚಪ್ಪಲಿ ರಾಶಿ ಬಿದ್ದದ್ದನ್ನು ಕಂಡು ಬೋಜನಿಗೆ ಹೊಟ್ಟೆಕಿಚ್ಚಾಗಿತ್ತು. ಹೆಂಡತಿ ಉಮಾವತಿಗೊಂದು ಪೊಟ್ಟಣ ಕಳಿಸಲು ಅವನೂ ಆ ಸಾಲಿನಲ್ಲಿ ನಿಂತಿದ್ದ.

ಸೂಟ್‌ಕೇಸ್ ಉರುಳಿಸಿಕೊಂಡು ಬರುವಾಗ ಪಕ್ಕದ ಮನೆಯ ಖದೀಜಮ್ಮ ಕಿಟಕಿಯಿಂದ ಕಂಡರು.

"ಓ ಬೋಜಣ್ಣ, ಊರಿಗಾ?"

ಬೋಜ ಬಾಯಿ ತೆರೆಯುವಷ್ಟರಲ್ಲಿ, "ಒಳ್ಳೆದಾಯ್ತು ಮಾರಾಯ್ರೆ! ತೂಕ ಹೆಚ್ಚಾಯ್ತೂಂತ ಇದಿನಬ್ಬ ನನ್ನ ಖರ್ಜೂರ ಬಿಟ್ಟೇ ಹೋದ. ನಿಲ್ಲಿ, ಬಂದೆ!"

ಖರ್ಜೂರದ ಜೊತೆ ಒಂದು ಪಾತ್ರೆ ಬಿರಿಯಾನಿಯೂ ಬಂತು.

"ಅಲ್ಲ, ನಾನು..." ಎಂದ ಬೋಜ. ಬಿರಿಯಾನಿಯ ಪರಿಮಳ ಮೂಗಿಗೆ ಬಡಿಯಿತು. ಮಾತು ಅಲ್ಲಿಗೇ ನಿಂತಿತು.

ಗಂಟೆಯೊಳಗೆ ಬೋಜನ ಬಾಗಿಲಲ್ಲೂ ಚಪ್ಪಲಿಗಳು ಕಂಡವು. ಪಿಕಪ್ ಓಡಿಸುವ ಝಕರಿಯಾ ಹಾಲಿನ ಪುಡಿಯ ಡಬ್ಬಿಗಳನ್ನು ತಂದ. ಗ್ಯಾರೇಜಿನ ಶೆಲ್ಡನ್ ತಾಯಿಯ ಮೊಣಕಾಲಿಗೆ ಎಣ್ಣೆ ತಂದ.

"ನಿಮ್ಮ ಮಗಳು ತೃಷಾ ಎಷ್ಟನೇ ಕ್ಲಾಸು ಬೋಜಣ್ಣ?" ಎಂದು ಅವನೇ ಕೇಳಿದ.

ಎರಡು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಬೋಜ ಅವಳು ನಡೆಯಲು ಕಲಿತಲ್ಲಿಂದ ಶುರುಮಾಡಿದ. ನಿಜ ಹೇಳಿದರೆ ಇವರೆಲ್ಲ ಎದ್ದು ಹೋಗುತ್ತಾರೆ. ಚಹಾ ಕುಡಿದಾಗಲಿ, ಆಮೇಲೆ ಹೇಳೋಣ ಎಂದುಕೊಂಡ. ಚಹಾ ಆದಮೇಲೆ, ಊಟವಾಗಲಿ ಎಂದುಕೊಂಡ. ಊಟವಾದಮೇಲೆ ಶೆಲ್ಡನ್ ಸೂಟ್‌ಕೇಸಿನ ಮೇಲೆ ಎಮ್ಮೆ ಹತ್ತಿದಂತೆ ಕೂತು ಅದನ್ನು ಮುಚ್ಚಿಯೂ ಆಗಿತ್ತು.

"ನನ್ನ ಬಟ್ಟೆ?" ಎಂದ ಬೋಜ.

"ಊರಲ್ಲಿ ಬಟ್ಟೆ ಇಲ್ವಾ? ಅದೆಲ್ಲ ಇಲ್ಲೇ ಇರ್ಲಿ. ಯಲ್ಲಾ, ಹೊರಡಿ, ಮೂರು ಗಂಟೆಯ ಫೆರಿ!" ಎಂದು ಝಕರಿಯಾ ಪಿಕಪ್ ಚಾಲೂ ಮಾಡಿದ.

ದಡದಲ್ಲಿ ಎಲ್ಲರೂ ಕೈಬೀಸಿದರು. ಖದೀಜಮ್ಮ ಕಣ್ಣೊರೆಸಿಕೊಂಡರು. ಬೋಜನೂ ಕೈಬೀಸಿದ.

ಫೆರಿಯಲ್ಲಿ ಕೂತು ಅವನು ಉಪಾಯ ಹುಡುಕಿದ. ಆಚೆ ದಡದ ಶನ್ನಾದಲ್ಲಿ ಇಳಿದು, ಐದು ಗಂಟೆಯ ಫೆರಿಯಲ್ಲಿ ಹಿಂದೆ ಬಂದು, "ಫ್ಲೈಟ್ ಕ್ಯಾನ್ಸಲ್" ಎನ್ನುವುದು. ಅಯ್ಯೋ ಪಾಪ ಎನ್ನಲಿಕ್ಕಾದರೂ ಎಲ್ಲರೂ ಇನ್ನೊಮ್ಮೆ ಬಂದು ಕೂರುತ್ತಾರೆ. ಶನಿವಾರವೂ ಕಳೆಯುತ್ತದೆ.

ಶನ್ನಾದ ಚಹಾದಂಗಡಿಯಲ್ಲಿ ಎರಡು ಸೂಟ್‌ಕೇಸುಗಳ ನಡುವೆ ಇದಿನಬ್ಬ ಕೂತಿದ್ದ.

"ಇದಿನಬ್ಬಾ! ನೀನು ಊರಿಗೆ ಹೋಗ್ಲಿಲ್ವಾ?"

ಇದಿನಬ್ಬನ ಮುಖ ಒಣಮೀನಿನಂತಾಯಿತು. "ರಜೆ ಎಲ್ಲಿ ಬೋಜಣ್ಣ? ಒಂದು ಸೂಟ್‌ಕೇಸ್ ತಂದೆ. ಜನ ಬಂದ್ರು, ಕೂತ್ರು, ಮಾತಾಡಿದ್ರು, ಒಂದು ಎರಡಾಯ್ತು. ಅಲ್ಲ ಅನ್ಲಿಕ್ಕೆ ಮನಸ್ಸಾಗ್ಲಿಲ್ಲ. ಈಗ ಫ್ಲೈಟ್ ಕ್ಯಾನ್ಸಲ್ ಅಂತ ಹೇಳಿ ವಾಪಸ್ ಹೋಗ್ತೇನೆ. ಯಾರಿಗೂ ಹೇಳ್ಬೇಡಿ."

ಬೋಜನ ಉಪಾಯ ಅವನ ಕಣ್ಣೆದುರೇ ಎದ್ದು ಫೆರಿಯ ಕಡೆ ಹೊರಟಿತು. ಒಂದೇ ದಿನ ಇಬ್ಬರ ಫ್ಲೈಟ್ ಕ್ಯಾನ್ಸಲ್ ಆಯಿತೆಂದರೆ ಖದೀಜಮ್ಮ ನಂಬುವವರಲ್ಲ.

"ಹೇಗೂ ನೀವು ಹೋಗ್ತೀರಲ್ಲ," ಎನ್ನುತ್ತ ಇದಿನಬ್ಬ ತನ್ನ ಎರಡೂ ಸೂಟ್‌ಕೇಸುಗಳನ್ನು ಬೋಜನ ಕಾಲ ಬಳಿಗೆ ತಳ್ಳಿದ. ಮೇಲೆ ಸಿಕ್ಕಿಸಿದ್ದ ಪೊಟ್ಟಣ ತೆಗೆದು ಕೈಗಿಟ್ಟ. ಅದರ ಮೇಲೆ ಬೋಜನದೇ ಅಕ್ಷರದಲ್ಲಿ 'ಉಮಾವತಿಗೆ' ಎಂದಿತ್ತು. "ಇದನ್ನು ಮಾತ್ರ ಮರೀಬೇಡಿ. ನಿಮ್ಮ ಮನೇದೇ."

ಫೆರಿ ದಡ ಬಿಟ್ಟಿತು. ಅಂಚಿನ ಕಂಬಿ ಹಿಡಿದು ಇದಿನಬ್ಬ ಕೂಗಿದ: "ಊರಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳಿ ಬೋಜಣ್ಣಾ!"

ಮೂರು ಸೂಟ್‌ಕೇಸುಗಳ ನಡುವೆ ನಿಂತ ಬೋಜ, ಆಗಲಿ ಎಂದು ಕೈಯೆತ್ತಿದ.