ಗುಮಾಸ್ತರ ಕಾರು ಶೆಡ್ಡು ಬಿಟ್ಟಿದ್ದು

ಒತ್ತಿದ ಆಕ್ಸಿಲರೇಟರ್ ಮೇಲಕ್ಕೆ ಬರಲಿಲ್ಲ. ಭಾನುವಾರ ಬೆಳಗ್ಗೆ ನಡೆದದ್ದು ಇಷ್ಟೇ. ಗುಮಾಸ್ತರು ಕಾಲು ತೆಗೆದರೂ ಪೆಡಲ್ಲು ತಳಕ್ಕೆ ಅಂಟಿಕೊಂಡೇ ಇತ್ತು, ಇಂಜಿನ್ನು ಹಟ ಹಿಡಿದ ಕೂಸಿನಂತೆ ಕಿರುಚುತ್ತಲೇ ಇತ್ತು. ಗಾಬರಿಯಿಂದ ಕೀಲಿ ತಿರುಗಿಸಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಬೀದಿಯೆಲ್ಲ ಎದ್ದು ಕೂತಿತ್ತು.

ವಿಮಾ ಕಚೇರಿಯಲ್ಲಿ ಬೇರೆಯವರ ಅಪಘಾತಗಳ ಕಡತ ನೋಡಿಕೊಂಡಿದ್ದ ಗುಮಾಸ್ತರು, ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಈ ಕಾರನ್ನು ಮನೆ ಪಕ್ಕದ ಶೆಡ್ಡಿನಲ್ಲಿ ಕೂತು ತಾವೇ ಜೋಡಿಸಿದ್ದರು. ವರ್ಷಗಟ್ಟಲೆ ಹಿಡಿದಿತ್ತು. ನಿಜ ಹೇಳಬೇಕೆಂದರೆ ಅವರಿಗೆ ಕಾರಿಗಿಂತ ಶೆಡ್ಡಿನ ಮೇಲೇ ಪ್ರೀತಿ ಹೆಚ್ಚು. ಅಲ್ಲಿ ಮೇಲಧಿಕಾರಿಯ ಕಾಟವಿಲ್ಲ, ತರಕಾರಿ ತರುವ ಗೊಡವೆಯಿಲ್ಲ. ತಾವುಂಟು, ತಮ್ಮ ಸ್ಪಾನರುಗಳುಂಟು.

ಇತ್ತ ಹೆಂಡತಿಯ ಹೊಲಿಗೆ ಕ್ಲಾಸು ನಡುಮನೆ ತುಂಬಿ ಅಡುಗೆಮನೆಯವರೆಗೂ ಹಬ್ಬಿತ್ತು. ಹಿಂದಿನ ದಿನ ಆಕೆ ಕಡ್ಡಿ ಮುರಿದಂತೆ ಹೇಳಿದ್ದಳು: "ನೋಡಿ, ನಾಳೆ ಸಂಜೆಯೊಳಗೆ ನಿಮ್ಮ ಕಾರು ಓಡ್ಲಿಲ್ಲ ಅಂದ್ರೆ ಶೆಡ್ಡು ನನಗೆ." ಗುಮಾಸ್ತರು ಧೈರ್ಯವಾಗಿ ಒಪ್ಪಿಕೊಂಡಿದ್ದರು.

ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್, ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ. ಹಾಗೆಲ್ಲ ಹಲ್ಲುಜ್ಜಬಾರದು ಎನ್ನುತ್ತ ಅವರ ಹಿಂದೆಯೇ ಎದುರುಮನೆಯ ಹಲ್ಲಿನ ಡಾಕ್ಟರೂ ಬಂದರು.

"ಬಾನೆಟ್ ಎತ್ತಿ ಸಾರ್," ಎಂದರು ಡ್ರೈವರ್. "ಪೆಡಲ್‌ನಿಂದ ಕಾರ್ಬೊರೇಟರಿಗೆ ಒಂದು ಕೇಬಲ್ ಹೋಗುತ್ತಲ್ಲ, ಅದು ಒಣಗಿದೆ. ಎಣ್ಣೆ ಬಿಡಿ, ಬೆಣ್ಣೆ ಥರ ಜಾರುತ್ತೆ."

ಎಣ್ಣೆ ಕೇಬಲ್ಲಿಗಿಂತ ಗುಮಾಸ್ತರ ಅಂಗಿಗೇ ಹೆಚ್ಚು ಸೇರಿತು. ಆದರೂ ಒತ್ತಿ ನೋಡಿದರೆ ಪೆಡಲ್ಲು ಸಲೀಸಾಗಿ ಮೇಲೆ ಬಂತು. ಡ್ರೈವರ್ ಮೀಸೆ ಸವರಿಕೊಂಡರು. ಗುಮಾಸ್ತರು ಬಾನೆಟ್ ಮುಚ್ಚಿ ಗತ್ತಿನಿಂದ ಕೂತು ಸ್ಟಾರ್ಟ್ ಮಾಡಿ ಒತ್ತಿದರು. ಮತ್ತೆ ಅದೇ ಕಿರುಚಾಟ.

"ಎಣ್ಣೆ ಅಲ್ಲ ಕಣ್ರೀ, ಸ್ಪ್ರಿಂಗ್ ಸೊರಗಿದೆ," ಎಂದರು ಡಾಕ್ಟರು. "ಕೇಬಲ್‌ನ ವಾಪಸ್ ಎಳೆಯೋಕೆ ಅದಕ್ಕೆ ಶಕ್ತಿ ಇಲ್ಲ. ನನ್ನ ಹಳೇ ಕುರ್ಚಿದೊಂದಿದೆ, ತಂದೆ ಇರಿ."

ಎಂಥೆಂಥ ರೋಗಿಗಳನ್ನೋ ಹೊತ್ತ ಸ್ಪ್ರಿಂಗು ಅದು. ಬಾನೆಟ್ ಎತ್ತಿ ಅದನ್ನು ಸಿಕ್ಕಿಸಿದ ಮೇಲೆ ಪೆಡಲ್ ಒತ್ತಲು ಎರಡೂ ಕಾಲು ಬೇಕಾಯಿತು. ಬಿಟ್ಟರೆ ಪಟಾರನೆ ಮೇಲೆ ಬಂತು. ಈ ಸಲ ಗುಮಾಸ್ತರಿಗೆ ಅನುಮಾನವೇ ಉಳಿಯಲಿಲ್ಲ. ಬಾನೆಟ್ ಮುಚ್ಚಿದರು, ಹಿಂದಕ್ಕೆ ತೆಗೆಯೋಣವೆಂದು ಗೇರ್ ಹಾಕಿದರು. ಬಿದ್ದದ್ದು ಮುಂದಿನ ಗೇರು. ಆಕ್ಸಿಲರೇಟರ್ ಕಚ್ಚಿಕೊಂಡಿತು, ಕಾರು ನೆಗೆದು ಗೋಡೆಯ ಕಪಾಟಿಗೆ ಗುದ್ದಿ ಉಸಿರು ಬಿಟ್ಟಿತು. ಕಪಾಟಿನ ಮೇಲಿದ್ದ ಹಳದಿ ಬಣ್ಣದ ಡಬ್ಬಿ ಡಾಕ್ಟರ ಬಿಳಿ ಚಪ್ಪಲಿಯ ಮೇಲೆ ಮಗುಚಿಕೊಂಡಿತು.

"ಸ್ಪ್ರಿಂಗ್ ಜಾಸ್ತಿ ಆಯ್ತು," ಎಂದರು ಡ್ರೈವರ್.

"ನಿಮ್ಮ ಎಣ್ಣೆ ಜಾಸ್ತಿ ಆಯ್ತು," ಎಂದರು ಡಾಕ್ಟರು.

ಬಿಸಿಲು ಇಳಿಯುತ್ತಿತ್ತು. ಗುಮಾಸ್ತರು ಶೆಡ್ಡಿನ ನಾಲ್ಕು ಗೋಡೆಗಳನ್ನೂ ಒಮ್ಮೆ ನೋಡಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅವರಿಗೆ ಇಷ್ಟು ಸಂಕಟವಾಗಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಚಹಾ ಹಿಡಿದು ಬಂದಳು. ಗೆಲ್ಲುವ ಹೊತ್ತಿನಲ್ಲಿ ಅಣಕಿಸುತ್ತಾಳೆಂದು ಗುಮಾಸ್ತರು ಮುಖ ತಿರುಗಿಸಿದರು. ಆಕೆ ಅಣಕಿಸಲಿಲ್ಲ.

"ಅಲ್ಲರೀ, ಬಾನೆಟ್ ಎತ್ತಿದಾಗ ಒಂದ್ಸಲನಾದ್ರೂ ಸಿಕ್ಕೊಂಡಿದ್ಯಾ?"

ಮೂವರೂ ಯೋಚಿಸಿದರು. ಇಲ್ಲ.

"ನಮ್ಮ ಮಿಷನ್ನೂ ಹಂಗೇ. ಬಟ್ಟೆ ಒತ್ತೋ ಪಾದ ಎತ್ತಿದ್ರೆ ದಾರ ಸಲೀಸಾಗಿ ಬರುತ್ತೆ, ಇಳಿಸಿದ್ರೆ ಬಿಗಿಯುತ್ತೆ. ಮುಚ್ಚಿದಾಗ ಏನು ಒತ್ತುತ್ತೆ ನೋಡಿ."

ಬೆಳಗಿನಿಂದ ಮೂರು ತಲೆಗಳು ಬಾನೆಟ್ಟಿನೊಳಗೇ ಇದ್ದವು. ಅದನ್ನು ಮುಚ್ಚಿ ಯೋಚಿಸುವ ಮಾತೇ ಬಂದಿರಲಿಲ್ಲ. ಈಗ ನೋಡಿದರೆ ಬಾನೆಟ್ಟಿನ ಒಳಮೈಯಲ್ಲಿ ಕಪ್ಪಗೆ ಉಜ್ಜಿದ ಗುರುತು. ಕೇಬಲ್ಲು ಅಲ್ಲಿ ಎತ್ತರಕ್ಕೆ ಬಾಗಿತ್ತು, ಮುಚ್ಚಿದೊಡನೆ ಅಪ್ಪಚ್ಚಿಯಾಗುತ್ತಿತ್ತು. ಗುಮಾಸ್ತರು ಕೇಬಲ್ಲನ್ನು ಬಾನೆಟ್ಟಿಗೆ ತಾಗದಂತೆ ಪಕ್ಕದಿಂದ ತಗ್ಗಾಗಿ ಹಾಯಿಸಿ ಕಟ್ಟಿದರು, ಡಾಕ್ಟರ ಸ್ಪ್ರಿಂಗನ್ನು ಮರ್ಯಾದೆಯಿಂದ ವಾಪಸ್ ಕೊಟ್ಟು ಹಳೆಯದನ್ನೇ ಹಾಕಿದರು. ಬಾನೆಟ್ ಮುಚ್ಚಿ ಒತ್ತಿದರು. ಪೆಡಲ್ಲು ಹೋಯಿತು, ಬಂತು. ಗುಮಾಸ್ತರ ಕಣ್ಣಲ್ಲಿ ನೀರಾಡಿತು.

"ಬಾರೇ, ಕೂತ್ಕೋ. ಮೊದಲ ಸುತ್ತು ನಿನ್ನ ಜೊತೆಗೇ."

"ಬೇಡ ರೀ, ಇದು ನಿಮ್ಮ ಶ್ರಮ. ಒಬ್ರೇ ಹೋಗ್ಬನ್ನಿ," ಎಂದಳು ಹೆಂಡತಿ. "ಅವಸರ ಏನಿಲ್ಲ, ದೊಡ್ಡ ಸುತ್ತೇ ಹೊಡೀರಿ."

ಇಂಥ ಹೆಂಡತಿಯನ್ನು ತಪ್ಪು ತಿಳಿದೆನಲ್ಲ ಎಂದುಕೊಳ್ಳುತ್ತ ಗುಮಾಸ್ತರು ಕಾರನ್ನು ಬೀದಿಗಿಳಿಸಿದರು. ಸೇತುವೆ ದಾಟಿದರು, ಮುಚ್ಚಿದ್ದ ತಮ್ಮ ಕಚೇರಿಯ ಮುಂದೆ ಬೇಕೆಂದೇ ಹಾರ್ನ್ ಮಾಡಿದರು, ದೀಪ ಹೊತ್ತುವ ಹೊತ್ತಿಗೆ ಹಾಡು ಗುನುಗುತ್ತ ಮನೆಗೆ ಮರಳಿದರು.

ಶೆಡ್ಡಿನಲ್ಲೂ ದೀಪ ಉರಿಯುತ್ತಿತ್ತು. ನೆಲ ಗುಡಿಸಿಯಾಗಿತ್ತು. ಸಾಲಾಗಿ ಹೊಲಿಗೆ ಮಿಷನ್ನುಗಳು ಕೂತಿದ್ದವು. ಕೊನೆಯದನ್ನು ಡ್ರೈವರ್ ಮತ್ತು ಹಳದಿ ಚಪ್ಪಲಿಯ ಡಾಕ್ಟರು ಏದುಸಿರು ಬಿಡುತ್ತ ಇಳಿಸುತ್ತಿದ್ದರು.

"ಏನೇ ಇದು? ಕಾರು ಓಡ್ತಲ್ಲ!"

"ಓಡದಿದ್ರೆ ಶೆಡ್ಡು ನನಗೆ ಅಂದಿದ್ದೆ. ಓಡಿದ್ರೆ ನಿಮಗೆ ಅಂತ ಯಾವಾಗ ಅಂದೆ?" ಹೆಂಡತಿ ಸಮಾಧಾನವಾಗಿ ಕೇಳಿದಳು. "ಓಡದೇ ಇದ್ದಿದ್ರೆ ಅದನ್ನ ಇಲ್ಲಿಂದ ಎಳೆಸೋದೇ ದೊಡ್ಡ ತಲೆನೋವಾಗ್ತಿತ್ತು."

"ಹಾಗಾದ್ರೆ ಕಾರು ಎಲ್ಲಿ ನಿಲ್ಲಬೇಕು? ಬೀದಿಲಿ ಧೂಳು ಕೂರಲ್ವಾ?"

ಆಕೆ ಒಳಗಿಂದ ಮಡಿಸಿಟ್ಟ ದಪ್ಪ ಬಟ್ಟೆಯೊಂದನ್ನು ತಂದು ಗುಮಾಸ್ತರ ಕೈಗಿತ್ತಳು. ಅಂಚಿಗೆ ಪಟ್ಟಿ, ಮೂಲೆಗಳಿಗೆ ಕಟ್ಟುವ ದಾರ, ಕನ್ನಡಿಗಳಿಗೆ ಬೇರೆ ಜೇಬು.

"ಹೊದಿಸಿ ನೋಡಿ. ಅಳತೆ ಹೋದ ತಿಂಗಳೇ ತಗೊಂಡಿದ್ದೆ."

ಗುಮಾಸ್ತರು ಹೊದಿಸಿದರು. ಎಲ್ಲೂ ಬಿಗಿಯಲಿಲ್ಲ.