ಮುಳ್ಳು ಬಡಿದ ಮನೆಯ ಬೋಣಿ

೧೯೫೬ನೇ ಇಸವಿ ಜೂನ್ ಎರಡು. ಬೆಳಗಿನಿಂದ ಮೋಡ. ಗಾಳಿಯಿಲ್ಲ, ಮಳೆಯೂ ಇಲ್ಲ.

ಊರಿನ ಏಳಿಗೆಗೆಂದು ಹೊರಟ ನಮ್ಮಂಥವರಿಗೆ ಒಂದಲ್ಲ ಒಂದು ಇಂಥದ್ದು ಗಂಟುಬೀಳುತ್ತಲೇ ಇರುತ್ತದೆ. ನಾನು ಆಗ ಮೈಸೂರಿನ ಒಂದು ಸೇವಾ ಸಂಘದಲ್ಲಿ ಕೆಲಸಕ್ಕಿದ್ದೆ. ಸಣ್ಣ ಕಸುಬಿನವರಿಗೆ ಗಾಣ, ಮಗ್ಗ, ಹೊಲಿಗೆ ಯಂತ್ರ ಇಂಥವನ್ನು ಸಂಘ ಕೊಡುವುದು. ಜಾಗವನ್ನು ಆಯಾ ಊರಿನ ಸಮಿತಿ ಕೊಡುವುದು. ಹೀಗೆ ಇಬ್ಬರು ಹೆಗಲು ಕೊಟ್ಟರೆ ಯಾವ ಕಸುಬೂ ಕುದುರುತ್ತದೆ ಎಂದು ನಮ್ಮ ಕಾರ್ಯದರ್ಶಿಗಳ ನಂಬಿಕೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಕುದುರಿಯೂ ಇತ್ತು. ಕೃಷ್ಣರಾಜನಗರ ತಾಲ್ಲೂಕಿನಲ್ಲಿ, ಭೇರ್ಯದಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಮಾತ್ರ ಹೆಗಲು ಕೊಟ್ಟವರು ಇಬ್ಬರಲ್ಲ, ಮೂವರು. ಮೂರನೆಯವರು ತೀರಿಕೊಂಡು ಆಗಲೇ ತಿಂಗಳಾಗಿತ್ತು.

ಮನೆ ಸಿಕ್ಕಿದ್ದು

ಆ ದಿನ ನಾನೂ ಕಾರ್ಯದರ್ಶಿಗಳೂ ಹೊಲಿಗೆ ಯಂತ್ರವನ್ನು ಎತ್ತಿನ ಗಾಡಿಯಲ್ಲಿಟ್ಟುಕೊಂಡು ಆ ಹಳ್ಳಿಗೆ ಹೋದೆವು. ಜೊತೆಯಲ್ಲಿ ದರ್ಜಿ. ಹುಣಸೂರಿನವನು. ಒಂದು ಕಾಲು ಸೊಟ್ಟ, ಹಾಗಾಗಿ ನೇಗಿಲಿಗೂ ಆಗದು, ಕಾಲಲ್ಲಿ ತುಳಿಯುವ ಯಂತ್ರಕ್ಕೂ ಆಗದು. ಕೈಯಲ್ಲಿ ತಿರುಗಿಸುವ ಯಂತ್ರವನ್ನೇ ಹುಡುಕಿ ತಂದಿದ್ದೆವು. ಕೈ ಪಳಗಲೆಂದು ಒಂದು ಥಾನು ಖಾದಿಯನ್ನೂ ಕೊಟ್ಟಿದ್ದೆವು. ಹೆಂಡತಿ ಮಕ್ಕಳನ್ನು ಅವನು ಮಾವನ ಮನೆಯಲ್ಲಿ ಬಿಟ್ಟು ಬಂದಿದ್ದ. ಕಸುಬು ಕುದುರಿದರೆ ಕರೆಸಿಕೊಳ್ಳುವುದು, ಇಲ್ಲದಿದ್ದರೆ ತಾನೂ ಹೋಗಿ ಮಾವನ ಮನೆಯ ಅನ್ನ ತಿನ್ನುವುದು. ಎರಡನೆಯದನ್ನು ಹೇಳುವಾಗ ಅವನು ತಲೆ ತಗ್ಗಿಸುತ್ತಿದ್ದ.

ಊರ ಸಮಿತಿಯ ಅಧ್ಯಕ್ಷ ಗೌಡರ ಮಗ. ಅವನು ತೋರಿಸಿದ ಮನೆ ನೋಡಿ ನಾವು ಬೆರಗಾದೆವು. ನಡುಬೀದಿ, ಗಟ್ಟಿ ಹೆಂಚು, ಅಗಲವಾದ ಜಗುಲಿ. ಬಾಡಿಗೆ ಬೇಡವೆಂದ. ಬಾಗಿಲಿಗೆ ಅಡ್ಡವಾಗಿ ಜಾಲಿ ಮುಳ್ಳಿನ ಕೊಂಬೆ ಬಡಿದಿತ್ತು. "ಮೇಕೆ ಕಾಟವೋ?" ಎನ್ನುತ್ತ ಕಾರ್ಯದರ್ಶಿಗಳು ಪಂಚೆ ಎತ್ತಿಕಟ್ಟಿ ತಾವೇ ಕೀಳತೊಡಗಿದರು. ಶ್ರಮದಾನವೆಂದರೆ ಅವರಿಗೆ ಪ್ರಾಣ. ಊರಿನವರು ಎದುರು ಸಾಲಿನ ಜಗುಲಿಗಳ ಮೇಲೆ ನಿಂತು ನೋಡುತ್ತಿದ್ದರು. ಯಾರೂ ಕೈ ಹಾಕಲಿಲ್ಲ. ನಾಯಿ ಸಹ ಹತ್ತಿರ ಸುಳಿಯಲಿಲ್ಲ.

ಕೊನೆಯ ಕೊಂಬೆ ಕೆಳಗೆ ಬಿದ್ದ ಮೇಲೆ ಒಬ್ಬ ಮುದುಕಿ ಉಸಿರು ಬಿಟ್ಟು ಹೇಳಿದಳು: "ನೀವೇ ತಗ್ದಿದ್ದು ಒಳ್ಳೇದಾಯ್ತು ಬುದ್ಧಿ. ನಮ್ಮೋರು ತಗ್ದಿದ್ರೆ ಎಲ್ಡನೇ ಎಣ ಬೀಳ್ತಿತ್ತು."

ಆಗ ಗೊತ್ತಾಯಿತು. ಹಿರಿ ಗೌಡರು ಆ ಮನೆಯಲ್ಲಿ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡಿದ್ದರು. ಅಂಥ ಸಾವಾದರೆ ಆರು ತಿಂಗಳು ಮನೆ ಬಿಟ್ಟು ಬಾಗಿಲಿಗೆ ಮುಳ್ಳು ಬಡಿಯುವುದು ಪದ್ಧತಿ. ಮಗನ ಬೋಳಿಸಿದ ತಲೆ ಕಣ್ಣೆದುರಿಗೇ ಇದ್ದರೂ ನಮಗೆ ಹೊಳೆದಿರಲಿಲ್ಲ.

"ಮತ್ತೆ ನಮಗೇಕೆ ಕೊಟ್ಟಿರಿ?" ಎಂದೆ.

"ಸಂಸಾರ ಇರಬಾರ್ದು ಅಂತ ಸ್ವಾಮಿ ಶಾಸ್ತ್ರ ಇರಾದು," ಎಂದ ಅವನು, ಬಹಳ ಯೋಚಿಸಿದವನಂತೆ. "ಸಂಗ ಅಂದ್ರೆ ಸಂಸಾರ ಅಲ್ವಲ್ಲ. ಸಂಗದಲ್ಲಿ ಯಾರ ಎಣ ಬಿದ್ದಾತು?"

ಹಿಂದಿರುಗುವಾಗ ಕಾರ್ಯದರ್ಶಿಗಳು ಮುಳ್ಳು ಗೀರಿದ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ಕೃಷ್ಣರಾಜನಗರ ದಾಟಿದ ಮೇಲೆ ಮೆಲ್ಲಗೆ ಕೇಳಿದರು: "ಈ ನಕ್ಷತ್ರದ ವ್ಯಾಪ್ತಿ ತಾಲ್ಲೂಕಿಗೆ ಮಾತ್ರವೋ, ಜಿಲ್ಲೆಗೂ ಉಂಟೋ?"

ಎದುರು ಜಗುಲಿ

ದಸರಾ ಹೊತ್ತಿಗೆ ಕಸುಬು ಕುದುರದಿದ್ದರೆ ಯಂತ್ರ ಹೆಗ್ಗಡದೇವನಕೋಟೆಯ ಕಡೆಯ ಇನ್ನೊಂದು ಊರಿಗೆ ಹೋಗಬೇಕು. ಅದು ಸಂಘದ ನಿಯಮ. ನಾನು ಮತ್ತೆ ಹೋಗಿ ನೋಡಿದಾಗ ದರ್ಜಿ ಈ ಜಗುಲಿಯಲ್ಲಿ ಯಂತ್ರದ ಮುಂದೆ ಕೂತಿದ್ದ. ಎದುರು ಜಗುಲಿಯಲ್ಲಿ ಏಳೆಂಟು ಜನ ಬಟ್ಟೆಯ ತುಂಡು ಕಂಕುಳಲ್ಲಿಟ್ಟುಕೊಂಡು ಕೂತಿದ್ದರು. ಅವರು ಇವನನ್ನು, ಇವನು ಅವರನ್ನು ನೋಡುತ್ತಿದ್ದರು. ತಿಂಗಳಿಂದ ಹೀಗೇ ಎಂದ.

"ಬಟ್ಟೆ ತಂದಿದ್ದೀರಿ, ಕೊಡಬಾರದೇ?" ಎಂದೆ.

"ಕೊಡ್ತೀವಿ ಕಣ್ರೀ. ಗೌಡ್ರ ಬೋಣಿ ಆಗ್ಬುಡ್ಲಿ."

ಆ ಊರಿನಲ್ಲಿ ಯಾವ ಕಸುಬಿಗೂ ಮೊದಲ ಬೋಣಿ ಗೌಡರದು. ಆಲೆಮನೆಯ ಮೊದಲ ಬೆಲ್ಲ ಗೌಡರಿಗೆ, ಹೊಸ ಕ್ಷೌರದವನು ಬಂದರೆ ಮೊದಲ ಗಡ್ಡ ಗೌಡರದು. ಹಿರಿ ಗೌಡರು ಇಲ್ಲ. ಮಗನಿಗೆ ವರ್ಷದ ಸೂತಕ, ಹೊಸ ಬಟ್ಟೆ ಕೂಡದು.

"ಬೋಣಿಗೆ ಕಾಯ್ತಾವ್ರಂತೆ," ಎಂದು ಊರ ಕ್ಷೌರದವನು ಪಕ್ಕದಿಂದ ಗೊಣಗಿದ. "ಹಿರೀ ಗೌಡ್ರು ನಂಗೇನು ಕೊಟ್ರು ಕೇಳಿ. ಅಡಿಕೆ ತಗುದ್ರು, ಅಡಕತ್ತರೀಲಿ ಕಟಕ್ ಅನ್ಸುದ್ರು, ಅರ್ಧ ನಂಗೆ, ಅರ್ಧ ಅವ್ರ ಬಾಯ್ಗೆ. ಮಿಕ್ಕಿದ್ದು ಸುಗ್ಗೀಲಿ ನೋಡನ ಕಣ್ಲಾ ಅಂದ್ರು. ನಮ್ಮಪ್ಪಂಗೂ ಅಂಗೇ ಅಂದಿದ್ರಂತೆ."

ಮೈಸೂರಿಗೆ ಬಂದು ಕಾರ್ಯದರ್ಶಿಗಳಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಕೇಳಿದರು: "ಹಂಗಾಮಿಯಾಗಿ ಬೇರೆ ಗೌಡರನ್ನು ನೇಮಿಸಿಕೊಳ್ಳಲು ಬರುವುದಿಲ್ಲವೇ?"

ಸದ್ದು

ಶ್ರಾವಣದಲ್ಲಿ ಹೋದಾಗ ದರ್ಜಿ ಇಳಿದುಹೋಗಿದ್ದ. "ಒಳಗೆ ಕಟಕ್ ಅಂತದೆ ಸ್ವಾಮಿ. ಮಟಮಟ ಮಧ್ಯಾಹ್ನ," ಎಂದ.

"ಹಲ್ಲಿ ಇರಬೇಕು."

"ಹಲ್ಲಿ ಲೊಚಗುಟ್ತದೆ. ಇದು ಕಟಕ್."

ಮಧ್ಯಾಹ್ನದವರೆಗೆ ಅವನ ಜೊತೆ ಪಡಸಾಲೆಯಲ್ಲಿ ಕೂತೆ. ಗೋಡೆಯಲ್ಲಿ ಒಂದು ಕಡೆ ಎಣ್ಣೆಗಪ್ಪು ಹಿಡಿದಿತ್ತು. ಗೌಡರು ಜೀವಮಾನವಿಡೀ ಬರಿಮೈಯಲ್ಲಿ ಒರಗಿ ಕೂತ ಜಾಗ: ಮೇಲೆ ತಲೆಯ ಗುಂಡು, ಕೆಳಗೆ ಎರಡು ಭುಜ, ಎಡಭುಜ ಒಂದಿಷ್ಟು ಜೋಲು. ಅದರ ಎದುರು ಕೂತರೆ ಯಾರೋ ನಮ್ಮ ಕಡೆ ಬೆನ್ನು ಮಾಡಿ ಗೋಡೆಯೊಳಗೆ ಕೂತ ಹಾಗಿತ್ತು. ಬೀದಿ ಖಾಲಿಯಾಯಿತು. ಎದುರು ಜಗುಲಿಯವರೂ ಊಟಕ್ಕೆ ಎದ್ದರು. ಕಾಗೆಯ ಕೂಗೂ ನಿಂತಿತು. ಒಳಗೋಣೆಯಿಂದ ಸದ್ದು ಬಂತು. ಒಂದೇ ಸಲ. ಕಟಕ್.

ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಸೆಕೆಗೆ ತೊಲೆ ಹಿಗ್ಗುತ್ತದೆ, ಗೆದ್ದಲು ತಿಂದ ಮರ ಬಿರಿಯುತ್ತದೆ. ಎಲ್ಲವನ್ನೂ ಅವನಿಗೆ ಸಾವಧಾನವಾಗಿ ವಿವರಿಸಿದೆ. ಬೀದಿಯಲ್ಲಿ ನಿಂತು ವಿವರಿಸಿದೆ.

ಕೂಲಿ

ದಸರೆಗೆ ಮುಂಚೆ ಯಂತ್ರ ವಾಪಸು ತರಲು ನಾವಿಬ್ಬರೂ ಗಾಡಿ ಮಾಡಿಕೊಂಡು ಹೋದೆವು. ದೂರದಿಂದಲೇ ಯಂತ್ರದ ಸದ್ದು ಕೇಳಿಸಿತು. ಎದುರು ಜಗುಲಿ ಖಾಲಿ. ಜನವೆಲ್ಲ ಈ ಜಗುಲಿಯಲ್ಲಿ. ದರ್ಜಿಯ ಸುತ್ತ ಬಟ್ಟೆಯ ರಾಶಿ. ಅವನ ಹೆಂಡತಿ, ಹೊಸಿಲು ದಾಟದೆ, ಜಗುಲಿಯಲ್ಲೇ ಗುಂಡಿ ಹಚ್ಚುತ್ತಿದ್ದಳು.

"ಬೋಣಿ ಆಯ್ತು ಸ್ವಾಮಿ," ಎಂದ ಗೌಡರ ಮಗ.

"ಯಾರು ಮಾಡಿದರು?" ಎಂದರು ಕಾರ್ಯದರ್ಶಿಗಳು.

"ಇನ್ಯಾರು. ನಮ್ಮಪ್ಪ."

ಕಾರ್ಯದರ್ಶಿಗಳು ಜಗುಲಿಯ ಅಂಚಿನಲ್ಲಿ ಕೂತುಬಿಟ್ಟರು.

"ನಾನೂ ಮೊದ್ಲು ನಂಬ್ನಿಲ್ಲ ಬುಡಿ," ಎಂದು ಮಗ ಸಮಾಧಾನ ಹೇಳಿದ. "ಕೂಲಿ ನೋಡುದ್ ಮ್ಯಾಲೆ ಅನುಮಾನ ಉಳೀನಿಲ್ಲ. ಪರಪಂಚದಲ್ಲಿ ಬ್ಯಾರೆ ಯಾರೂ ಅಂಗೆ ಕೊಡಾಕಿಲ್ಲ."

ದರ್ಜಿ ಕಣ್ಸನ್ನೆ ಮಾಡಿ, ಯಂತ್ರವನ್ನು ಎತ್ತಿಕೊಂಡು, ನಮ್ಮನ್ನು ಒಳಗೆ ಕರೆದ. ನಾನು ಹೋದೆ. ಕಾರ್ಯದರ್ಶಿಗಳು ಒಂದು ಕಾಲು ಹೊಸಿಲ ಒಳಗೂ ಒಂದು ಕಾಲು ಹೊರಗೂ ಇಟ್ಟು ನಿಂತರು. ದರ್ಜಿ ಗೋಡೆಯ ಕಪ್ಪನ್ನು ತೋರಿಸಿ ದನಿ ತಗ್ಗಿಸಿದ.

"ದಸರಾ ಹತ್ರ ಬಂತು ಸ್ವಾಮಿ. ಮಾವನ ಮನೆ ಬಾಗ್ಲು ಕಣ್ಮುಂದೆ ಬಂತು. ಟೇಪು ತಗಂಡು ಈ ಗೋಡೆ ಅಳೆದೆ. ನಿಮ್ ಖಾದೀಲಿ ಅಂಗಿ ಹೊಲ್ದು, ಬೀದಿಗೆ ಕಾಣೋ ಅಂಗೆ ಬಾಗ್ಲು ಗೂಟಕ್ಕೆ ನೇತಾಕ್ದೆ. ಜೋಲು ಭುಜ ನೋಡಿ ಜನ ಗುರ್ತು ಹಿಡುದ್ರು. ಯಾರ್ದು ಅಂದ್ರು. ಅಳತೆ ಕೊಟ್ಟೋರ್ದು ಅಂದೆ. ಸುಳ್ಳೇಳ್ನಿಲ್ಲ ನಾನು."

"ಅಷ್ಟಕ್ಕೇ ಬೋಣಿ ಎಂದರೇ?"

"ಇಲ್ಲ. ಹೊಲ್ದ್ರೆ ಆಯ್ತಾ, ಕೂಲಿ ಕೊಟ್ರೆ ತಾನೆ ಬೋಣಿ ಅಂದ್ರು. ಎಲ್ಲ ಮುಗೀತು ಅಂತ ಗಂಟು ಕಟ್ಟಕ್ಕೆ ಸುರು ಮಾಡ್ದೆ. ಮಾರನೇ ಮಧ್ಯಾಹ್ನ ನೀರು ಸೇದಕ್ಕೆ ಹೋಗಿ ಬತ್ತೀನಿ, ಗೂಟದಲ್ಲಿ ಅಂಗಿ ಇಲ್ಲ. ಎದುರು ಜಗುಲೀಲಿ ಅವತ್ತು ಜನ ಇದ್ರು. ಯಾರೂ ಒಳಕ್ಕೆ ಹೋಗಿದ್ದು ಕಂಡಿಲ್ಲ, ಈಚೆಗೆ ಬಂದದ್ದೂ ಕಂಡಿಲ್ಲ. ಯಂತ್ರದ ಮ್ಯಾಲೆ ಕೂಲಿ ಇತ್ತು."

ಕಾರ್ಯದರ್ಶಿಗಳು ನಗಲು ನೋಡಿದರು. "ನಿಜ ಹೇಳಪ್ಪಾ. ಅದನ್ನೂ ನೀನೇ ಇಟ್ಟೆ ತಾನೆ?"

"ನಾನಿಟ್ಟಿದ್ರೆ ಸ್ವಾಮಿ, ನಂಗೆ ನಿದ್ದೆ ಬತ್ತಿತ್ತು."

ಹೊರಗೆ ಜನ ಮಾತಾಡುತ್ತಿದ್ದರು. ಒಳಗೆ ಸದ್ದಿರಲಿಲ್ಲ. ಹೊಸಿಲ ಒಳಗಿದ್ದ ಕಾಲನ್ನು ಕಾರ್ಯದರ್ಶಿಗಳು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡರು.

"ಏನು ಕೊಟ್ಟರು?" ಎಂದು ಅಲ್ಲಿಂದಲೇ ಕೇಳಿದರು.

ದರ್ಜಿ ನನ್ನ ಕಡೆ ತಿರುಗಿದ. "ಈ ಕಡೆ ಸುಗ್ಗಿ ಯಾವ ತಿಂಗಳು ಸ್ವಾಮಿ?" ಎಂದು ಕೇಳುತ್ತ, ಯಂತ್ರದ ಅಡಿಯ ಸೂಜಿಪೆಟ್ಟಿಗೆಯ ಮುಚ್ಚಳ ಸರಿಸಿದ.

ಒಳಗೆ ಅರ್ಧ ಅಡಿಕೆ ಇತ್ತು. ಕತ್ತರಿಸಿದ ಕಡೆ ಇನ್ನೂ ಬೆಳ್ಳಗಿತ್ತು.