ಭಾವನ ಗಾಡಿಯ ಹಿಂದಿನ ಸೀಟು

ನಿಂತದ್ದು ಕೆಡುತ್ತದೆ, ಚಲಿಸುವುದು ಉಳಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಗಂಭೀರವಾದ ಮಾತು, ಕೇಳಿ ತಲೆದೂಗಬೇಕಾದದ್ದೇ. ಆದರೆ ಹಾಗೆ ಹೇಳಿದವರು ಯಾರೂ ನಮ್ಮ ಭಾವನ ಮೋಟಾರ್ ಸೈಕಲ್ಲನ್ನು ನೋಡಿದವರಲ್ಲ. ಅದು ಮೊದಲು ಕೆಡುತ್ತದೆ, ಆಮೇಲೆ ನಿಲ್ಲುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಯಳಂದೂರಿನಲ್ಲಿ ವಾಸ. ಸರ್ವೇಯರ್ ಆಗಿ ಮೂವತ್ತು ವರ್ಷ ಊರೂರಿನ ಬದುಗಳನ್ನು ಅಳೆದು, ಅಣ್ಣತಮ್ಮಂದಿರನ್ನು ಅಂಗುಲದ ಲೆಕ್ಕದಲ್ಲಿ ಬೇರೆ ಮಾಡಿ ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ದೇವರನ್ನೋ ಮೊಮ್ಮಕ್ಕಳನ್ನೋ ಹಚ್ಚಿಕೊಳ್ಳುತ್ತಾರೆ. ನಮ್ಮ ಭಾವ ಹಚ್ಚಿಕೊಂಡದ್ದು ಗ್ರೀಸನ್ನು.

ಬಿಳಿಗಿರಿರಂಗನ ಬೆಟ್ಟದಲ್ಲಿ ಆನೆಗಳ ಹಿಂದೆ ಅಲೆಯುತ್ತಿದ್ದ ಸಂಶೋಧಕರೊಬ್ಬರು ಊರು ಬಿಡುವಾಗ ಮಾರಿಹೋದ ಗಾಡಿ ಅದು. ಡಾಂಬರಿಗೂ ಸೈ, ಕಾಡುದಾರಿಗೂ ಸೈ ಎನ್ನುವ ಜಾತಿ. ಕೊಕ್ಕರೆಯ ಕಾಲು, ಮೊಸಳೆ ಬೆನ್ನಿನ ಟೈರು. ವಯಸ್ಸು ಹದಿನೆಂಟು, ಗಾಡಿಗಳ ಲೆಕ್ಕದಲ್ಲಿ ಅದೂ ನಿವೃತ್ತವೇ. ಭಾವ ಐದಡಿ ಎರಡಂಗುಲ. ಹತ್ತಬೇಕಾದರೆ ಒಂದು ಜಗಲಿ ಬೇಕು; ಇಳಿಯಬೇಕಾದರೆ ಇನ್ನೊಂದು ಜಗಲಿ ಸಿಗುವ ತನಕ ಓಡಿಸುತ್ತಲೇ ಇರಬೇಕು. ಹೊನ್ನೂರಿಗೆಂದು ಹೊರಟವರು ಸರಿಯಾದ ಜಗಲಿ ಸಿಗದೆ ಕೊಳ್ಳೇಗಾಲದವರೆಗೆ ಬಂದದ್ದುಂಟು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಂದು ದಿನ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಹನೂರಿನ ನಮ್ಮ ಮನೆಗೆ ಬರಲು ಹೊರಟರು. ಅಕ್ಕ ಒಂದು ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟಳು. ಗಾಡಿ ಅಲುಗಿತು. ಅಲುಗಿದ್ದನ್ನೇ ಕೂತದ್ದು ಎಂದು ತಿಳಿದು ಭಾವ ಕ್ಲಚ್ ಬಿಟ್ಟರು. ಗಾಡಿ ಎಗರಿಕೊಂಡು ಹೋಯಿತು, ಅಕ್ಕ ಜಗಲಿಯ ಮೇಲೆ ಉಳಿದಳು.

ಭಾವ ಅಗರದವರೆಗೆ ಕಬ್ಬಿನ ಬೆಳೆಯ ಬಗ್ಗೆ ಮಾತಾಡಿದರು. ಅಗರ ದಾಟಿದ ಮೇಲೆ ನಮ್ಮ ವಂಶದ ಬಗ್ಗೆ ಮಾತಾಡಿದರು. ಎದುರುತ್ತರ ಬರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ತಮ್ಮ ಮಾತನ್ನು ಒಪ್ಪುತ್ತಿದ್ದಾಳೆ ಎಂಬ ಸಂತೋಷದಲ್ಲಿ ಕೊಳ್ಳೇಗಾಲದ ಹೂವಿನವಳ ಮುಂದೆ ನಿಲ್ಲಿಸಿ, "ಎಷ್ಟು ಮೊಳ ತಕಳ್ಳಿ?" ಎಂದು ಕೇಳಿದರು. ಹೂವಿನವಳು ಅವರ ಬೆನ್ನ ಹಿಂದೆ ನೋಡಿ, "ಯಾರ್ಗೆ ಸಾ?" ಎಂದಳು.

ಆ ದಿನ ಅಕ್ಕ ಬಸ್ಸಿನಲ್ಲಿ ಮೊದಲು ಬಂದಳು. ಅವಳನ್ನು ಹುಡುಕಿಕೊಂಡು ಯಳಂದೂರಿಗೆ ವಾಪಸು ಹೋಗಿದ್ದ ಭಾವ ಅರ್ಧ ಗಂಟೆಯ ನಂತರ ಬಂದರು, ಒಂದು ಮೊಳ ಮಲ್ಲಿಗೆಯೊಂದಿಗೆ.

"ನಾನು ಕೂತಿವ್ನೋ ಇಲ್ವೋ ಅಂತ್ಲೇ ಗೊತ್ತಾಗ್ದಿರೋ ಗಾಡಿ ಮ್ಯಾಲೆ ನಾನು ಯಾಕ್ಲಾ ಕೂರ್ಲಿ?" ಎಂದು ಅಕ್ಕ ನನ್ನನ್ನು ಕೇಳಿದಳು. ಕೇಳಿದ್ದು ನನ್ನನ್ನಾದರೂ ಹೇಳಿದ್ದು ಭಾವನಿಗೆ. ಅಂದಿನಿಂದ ಗಾಡಿಯ ವಿಷಯ ಬಂದರೆ ಅವಳು ಗಂಡನೊಡನೆ ನೇರವಾಗಿ ಮಾತಾಡಲಿಲ್ಲ. ಹನೂರಿಗೆ ಬರುವಾಗ ಅಕ್ಕ ಬಸ್ಸಿನಲ್ಲಿ, ಭಾವ ಆ ಬಸ್ಸಿನ ಹೊಗೆ ಕುಡಿಯುತ್ತ ಹಿಂದೆ ಗಾಡಿಯಲ್ಲಿ. ಹೀಗೆ ಒಂದು ವರ್ಷ ನಡೆಯಿತು.

ಇನ್ನೊಬ್ಬರಾದರೆ ಗಾಡಿಯನ್ನು ಮಾರುತ್ತಿದ್ದರು, ಅಥವಾ ತಪ್ಪಾಯಿತು ಎನ್ನುತ್ತಿದ್ದರು. ಭಾವ ಗಾಡಿಯನ್ನು ಬಿಚ್ಚಿದರು.

ಹೊರಡುವ ಎಳೆತದಲ್ಲಿ ಗಾಡಿ ಎಗರುವುದಕ್ಕೆ ಕಾರ್ಬುರೇಟರಿನ ಕೊಳೆಯೇ ಕಾರಣವೆಂದು ಮೊದಲ ತೀರ್ಮಾನ. ಅದನ್ನು ಬಿಚ್ಚಿ, ರಬ್ಬರುಗಳನ್ನು ತೆಗೆದಿಟ್ಟು, ಸಾರಿನ ಪಾತ್ರೆಯಲ್ಲಿ ಹುಣಸೆಹಣ್ಣಿನ ನೀರು ಹಾಕಿ ಕುದಿಸಿದರು. ಕಾರ್ಬುರೇಟರು ದೇವರ ದೀಪದಂತೆ ಹೊಳೆಯಿತು. ಪಾತ್ರೆ ಮಾತ್ರ ಪೆಟ್ರೋಲನ್ನು ಮರೆಯಲಿಲ್ಲ. ಎಂಟು ದಿನ ಅವರ ಮನೆಯಲ್ಲಿ ನೆಂಟರಾರೂ ಊಟಕ್ಕೆ ನಿಲ್ಲಲಿಲ್ಲ.

"ಸಾರು ಎಂಗದೆ ಅಂತ ಕೇಳ್ಲಾ ನಿಮ್ ಭಾವುನ್ನ," ಎಂದಳು ಅಕ್ಕ.

"ಪಿಕಪ್ ಚೆಂದಾಗದೆ," ಎಂದರು ಭಾವ.

ಆಮೇಲೆ ಸೀಟು. ಒಳಗಿನ ಸ್ಪಂಜನ್ನು ಈಳಿಗೆಮಣೆಯಲ್ಲಿ ಕುಯ್ದು ಮೂರಂಗುಲ ತಗ್ಗಿಸಿದರು. ಆ ಸ್ಪಂಜು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅವರ ಮನೆಯ ದಿಂಬಿನ ಮೇಲೆ ತಲೆಯಿಟ್ಟಾಗ ಉತ್ತರ ಸಿಕ್ಕಿತು.

ಇಷ್ಟಾದರೂ ಗಾಡಿ ಎಗರುವುದು ನಿಲ್ಲಲಿಲ್ಲ. ಆಗ ಭಾವನಿಗೆ ಜ್ಞಾನೋದಯವಾಯಿತು: ದೋಷ ಮುಂದಿನ ಸ್ಪ್ರಾಕೆಟ್ಟಿನಲ್ಲಿದೆ. ಚೈನು ಕಚ್ಚಿಕೊಳ್ಳುವ ಆ ಹಲ್ಲಿನ ಚಕ್ರಕ್ಕೆ ಹದಿನೈದು ಹಲ್ಲು. ಒಂದು ಹಲ್ಲು ಕಡಿಮೆಯಾದರೆ ವೇಗ ತಗ್ಗುತ್ತದೆ, ಗಾಡಿ ಎತ್ತಿನಂತೆ ಮೆಲ್ಲಗೆ ಹೊರಡುತ್ತದೆ. ಲೋಕದಲ್ಲಿ ಎಲ್ಲರೂ ಗಾಡಿಗೆ ಖರ್ಚು ಮಾಡುವುದು ಜೋರಾಗಿ ಓಡಲೆಂದು. ನಿಧಾನವಾಗಲೆಂದು ಕೈಯಿಂದ ದುಡ್ಡು ಹಾಕಿದವರು ನನಗೆ ತಿಳಿದಂತೆ ಇವರೊಬ್ಬರೇ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯ ಬಾಯಿಗೆ ಹಕಾರ ದಕ್ಕುವುದಿಲ್ಲ. ಹನೂರಿನವರಾದ ನಾವೇ ಅನೂರಿನವರು. ಹೀಗಿರುವಾಗ ಭಾವ ದೊಡ್ಡ ಪಟ್ಟಣದ ಬಿಡಿಭಾಗದ ಅಂಗಡಿಯೊಂದಕ್ಕೆ ಫೋನ್ ಮಾಡಿದರು.

"ಸಾ, ಮುಂದ್ಲ ಸ್ಪ್ರಾಕೆಟ್ಟು. ಅದ್ನಾಕು."

"ಅದು ನಾಕಾ?"

"ಊಂ, ಅದ್ನಾಕು."

"ನಾಕು ಯಾಕೆ ಸಾರ್, ಒಂದು ಸಾಕಲ್ವಾ?"

"ನಿಮ್ಗೊತ್ತಾಗಲ್ಲ ಸಾ, ಅದ್ನಾಕೇ ಆಗ್ಬೇಕು."

ವಾರದಲ್ಲಿ ಪಾರ್ಸಲ್ ಬಂತು. ಒಳಗೆ ನಾಲ್ಕು ಸ್ಪ್ರಾಕೆಟ್ಟು, ಒಂದೊಂದಕ್ಕೂ ಹದಿನೈದು ಹಲ್ಲು. ಹದಿನಾಲ್ಕು ಬೇಕೆಂದು ಬಾಯಿಬಿಟ್ಟ ಮನುಷ್ಯನಿಗೆ ಅರವತ್ತು ಹಲ್ಲು ಬಂದಿತ್ತು. ಆ ಬಾಯಲ್ಲಿ ಸ್ವಂತದ್ದು ಉಳಿದಿದ್ದು ಇಪ್ಪತ್ತಮೂರು. ಅಕ್ಕ ಒಂದು ಸ್ಪ್ರಾಕೆಟ್ಟನ್ನು ಹಾಲಿನ ಪಾತ್ರೆಯ ಕೆಳಗಿಟ್ಟಳು. ಮಿಕ್ಕವು ಕಾಗದದ ಮೇಲೆ ಭಾರವಾಗಿ ಕೂತವು.

"ನೀನು ಪುಸ್ತಕದಂಗೆ ಮಾತಾಡ್ತೀಯ. ನೀನೇ ಏಳು," ಎಂದರು ಭಾವ ನನಗೆ.

ನಾನು ಎದ್ದು ನಿಂತೆ.

"ಎದ್ದೇಳೋದಲ್ಲ ಕಣ್ಲಾ, ಫೋನಲ್ಲಿ ಏಳು ಅಂದೆ."

ನಾನು ಶುದ್ಧ ಹಕಾರದಲ್ಲಿ, ಹತ್ತರ ಮೇಲೆ ನಾಲ್ಕು ಎಂದು ಹೇಳಿದೆ. ಸರಿಯಾದದ್ದು ಬಂತು. ಭಾವ ಅದನ್ನು ಕೂರಿಸಿದರು. ಗಾಡಿ ಎಗರುವುದನ್ನು ಬಿಟ್ಟಿತು. ಅಕ್ಕ ಮಾತ್ರ ಬಸ್ಸನ್ನು ಬಿಡಲಿಲ್ಲ.

ಹೋದ ಭಾನುವಾರ ಯಳಂದೂರಿಗೆ ಹೋದೆ. ಜಗಲಿಯ ಪಕ್ಕ ನಿಂತ ಗಾಡಿಯ ಹಿಂದಿನ ಸೀಟಿನ ಮೇಲೆ ಒಂದು ಅಕ್ಕಿಮೂಟೆ, ಅದರ ಮೇಲೆ ಬೋರಲು ಹಾಕಿದ ಬಿಂದಿಗೆ, ಬಿಂದಿಗೆಗೆ ಕುಂಕುಮದ ಬೊಟ್ಟು. ಭಾವ ಮುಂದೆ ಕೂತು ಎಡಗಡೆಯ ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ನೋಡುವುದು, ಮತ್ತೆ ತಿರುಗಿಸುವುದು ಮಾಡುತ್ತಿದ್ದರು. ಆ ಕನ್ನಡಿಗೆ ಉದ್ದನೆಯ ಹೊಸ ಕಡ್ಡಿ ಬೆಸುಗೆ ಹಾಕಿಸಿದ್ದರು.

"ಪೂಜೆಯಾ ಭಾವ?"

"ಅಳತೆ ಕಣ್ಲಾ. ಸೀಟಿಂದ ಬೊಟ್ಟುಗಂಟ ಎರಡಡಿ ನಾಕಂಗ್ಲ. ನಿಮ್ಮಕ್ಕ ಕೂತ್ರೆ ಮುಖ ಅಲ್ಲಿಗೇ ಬರ್ತದೆ."

ನಾನು ಬಗ್ಗಿ ನೋಡಿದೆ. ಕನ್ನಡಿಯಲ್ಲಿ ರಸ್ತೆಯಿಲ್ಲ. ಬಿಂದಿಗೆಯ ಬೊಟ್ಟು ಮಾತ್ರ ನಟ್ಟನಡುವೆ ಕೂತಿತ್ತು.

"ಇದ್ರಲ್ಲಿ ಹಿಂದೆ ಬರೋ ಲಾರಿನೇ ಕಾಣಲ್ವಲ್ಲ ಭಾವ."

"ಲಾರಿಗೆ ಬಲಗಡೇದು ಅದೆಯಲ್ಲ. ಅದ್ರಲ್ಲಿ ಕಾಣ್ದಿದ್ರೂ ಲಾರಿ ಆರ್ನ್ ಒಡೀತದೆ ಕಣ್ಲಾ," ಎಂದರು ಭಾವ, ಕನ್ನಡಿಯಿಂದ ಕಣ್ಣು ತೆಗೆಯದೆ. "ಇವ್ಳು ಒಡೀತಾಳಾ?"

ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದ ಅಕ್ಕನ ಕೈ ನಿಂತಿತು. ಅವಳು ಒಳಗೆ ಹೋದಳು. ಕೋಪ ಬಂತೆಂದು ತಿಳಿದೆ. ಸ್ವಲ್ಪ ಹೊತ್ತಿಗೆ ಚಪ್ಪಲಿ ಮೆಟ್ಟಿ, ಬ್ಯಾಗು ಹಿಡಿದು ಬಂದಳು.

"ಬಿಂದ್ಗೆ ಇಳಿಸಾಕೆ ಏಳ್ಲಾ ನಿಮ್ ಭಾವುಂಗೆ," ಎಂದಳು. "ನಂಗೆ ಜಾಗ ಬ್ಯಾಡ್ವಾ?"

ಭಾವ ಬಿಂದಿಗೆ ಇಳಿಸಿದರು, ಮೂಟೆ ಇಳಿಸಿದರು. ಗಾಡಿ ಏರಿ ಇಂಜಿನ್ ಚಾಲೂ ಮಾಡಿ ಕನ್ನಡಿ ನೋಡುತ್ತ ಕಾದರು. ಅಕ್ಕ ಜಗಲಿಯಿಂದ ಹತ್ತಿದಳು.

"ಕೂತಿದ್ದೀಯಾ?"

"ಕೂತಿವ್ನಿ," ಎಂದಳು ಅಕ್ಕ. ಹೇಳಿದ್ದು ನನಗಲ್ಲ, ಅವರಿಗೇ.

ಕನ್ನಡಿಯಲ್ಲಿ ಕಾಣುತ್ತಿದ್ದರೂ ಭಾವ ಇನ್ನೆರಡು ಸಲ ಕೇಳಿದರು. ಅವಳು ಇನ್ನೆರಡು ಸಲ ಹೇಳಿದಳು. ಆಮೇಲೆ ಗಾಡಿ ಹೊರಟಿತು.

ನಾನು ಬಸ್ಸಿನಲ್ಲಿ ಬಂದೆ. ಒಂದೂವರೆ ಗಂಟೆಗೆ ಬಸ್ಸು ಹನೂರು ಮುಟ್ಟಿತು. ಅವರಿಗೆ ಎರಡೂಮುಕ್ಕಾಲು ಗಂಟೆ ಹಿಡಿಯಿತು. ಇಬ್ಬರೂ ಬಂದರು.